ಎಣಿಕೆಯ ಕನ್ನಡ: ಶಾಲಾಪೂರ್ವ ಗಣಿತ ಮತ್ತು ಕನ್ನಡ ವಿಭಾಗಗಳ ಹೊಣೆ

1982ರ ಗೋಕಾಕ್ ಚಳವಳಿ, 1994ರ ಭಾಷಾ ಆದೇಶ, 2014ರ ಮೇ ತಿಂಗಳಿನಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು, 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ನಿರ್ಧಾರ: ಕರ್ನಾಟಕದಲ್ಲಿ ಶಿಕ್ಷಣಮಾಧ್ಯಮದ ವಾಗ್ವಾದ ಹಾದುಬಂದ ಮುಖ್ಯ ಘಟ್ಟಗಳಿವು. ಈ ಎಲ್ಲ ಘಟ್ಟಗಳಲ್ಲಿಯೂ ಕನ್ನಡ ವಿಭಾಗಗಳು ಒಂದಲ್ಲ ಒಂದು ಬಗೆಯಲ್ಲಿ ದನಿಗೂಡಿಸಿವೆ. ಆದರೆ ಆ ಚರ್ಚೆಗಳಲ್ಲಿ ‘ಕನ್ನಡ’ ಎಂಬ ಪದಕ್ಕೆ ದೊರೆತ ಅರ್ಥವ್ಯಾಪ್ತಿಯನ್ನು ಪರಿಶೀಲಿಸಿದರೆ ಒಂದು ಮಿತಿ ಎದ್ದು ಕಾಣುತ್ತದೆ. ಕನ್ನಡವೆಂದರೆ ಅಕ್ಷರ, ಓದು, ಪದ್ಯ, ಕತೆ. ಗಣಿತವೆಂದರೆ ಭಾಷೆಯ ಹಂಗಿಲ್ಲದ, ಯಾವ ಮಾತಿನಲ್ಲಿ ಹೇಳಿದರೂ ಒಂದೇ ಆಗಿರುವ ವಿಷಯ. ಈ ವಿಭಜನೆಯನ್ನು ಎರಡೂ ಪಕ್ಷಗಳು ಪ್ರಶ್ನಿಸದೆ ಒಪ್ಪಿಕೊಂಡಿವೆ. ಅದರ ಫಲವಾಗಿ ನಾಲ್ಕು ವರ್ಷದ ಮಗು ಯಾವ ಮಾತಿನಲ್ಲಿ ಎಣಿಸಲು ಕಲಿಯಬೇಕು ಎಂಬ ಪ್ರಶ್ನೆ ಭಾಷಾಧ್ಯಯನದ ಕಕ್ಷೆಯಿಂದ ಹೊರಗೇ ಉಳಿದಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬುನಾದಿ ಅಕ್ಷರಜ್ಞಾನ ಮತ್ತು ಸಂಖ್ಯಾಜ್ಞಾನವನ್ನು ಆದ್ಯತೆಯ ಗುರಿಯಾಗಿ ಘೋಷಿಸಿತು. 2021ರ ಜುಲೈಯಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಈ ಎರಡು ಸಾಮರ್ಥ್ಯಗಳು ದಕ್ಕಬೇಕೆಂದು 2026–27ರ ಗಡುವನ್ನು ಇರಿಸಿಕೊಂಡಿತು. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವೆಂದು ಪರಿಗಣಿಸಿ, ಮನೆಮಾತಿನ ಬಳಕೆಯನ್ನು ಶಿಫಾರಸು ಮಾಡಿತು. ಈ ದಾಖಲೆಗಳ ರಾಜಕಾರಣದ ಬಗೆಗೆ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಅವು ಎತ್ತುವ ಒಂದು ಪ್ರಶ್ನೆಗೆ ಉತ್ತರಿಸಬೇಕಾದವರು ಕನ್ನಡದ ಅಧ್ಯಾಪಕರೇ. ಸಂಖ್ಯೆಯ ಬುನಾದಿಯನ್ನು ಮನೆಮಾತಿನಲ್ಲಿ ಹಾಕಬೇಕೆಂದರೆ ಕನ್ನಡದಲ್ಲಿ ಆ ಬುನಾದಿಗೆ ಒದಗುವ ಸಾಮಗ್ರಿ ಯಾವುದು?

ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವ ಮುನ್ನ, ಎಣಿಸಲು ಕಲಿಯುವುದೆಂದರೆ ಏನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದರಿಂದ ನೂರರವರೆಗೆ ಬಾಯಿಪಾಠ ಒಪ್ಪಿಸುವುದನ್ನೇ ಎಣಿಕೆಯೆಂದು ಭಾವಿಸುವ ರೂಢಿ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಇದೆ. 1978ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರೋಷೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಣಿಕೆಯ ಹಿಂದೆ ಐದು ತತ್ತ್ವಗಳಿವೆಯೆಂದು ನಿರೂಪಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು. ಹೆಸರುಗಳ ಅನುಕ್ರಮ ಬದಲಾಗಬಾರದು. ಕೊನೆಯಲ್ಲಿ ಹೇಳಿದ ಹೆಸರೇ ಒಟ್ಟು ಮೊತ್ತ. ಯಾವುದನ್ನು ಬೇಕಾದರೂ ಎಣಿಸಬಹುದು. ಎಲ್ಲಿಂದ ಆರಂಭಿಸಿದರೂ ಮೊತ್ತ ಅಷ್ಟೇ. ಇವುಗಳಲ್ಲಿ ಮೂರನೆಯದು ಮಗುವಿಗೆ ಸುಲಭವಾಗಿ ಒಲಿಯುವುದಿಲ್ಲ. ಕ್ಯಾರೆನ್ ವಿನ್ ಅವರ 1990ರ ಅಧ್ಯಯನ ತೋರಿಸಿದಂತೆ, ಎಣಿಕೆಯ ಪದಗಳನ್ನು ಸರಾಗವಾಗಿ ಹೇಳುವ ಮೂರು ವರ್ಷದ ಆಸುಪಾಸಿನ ಮಕ್ಕಳು ‘ಮೂರು ಕೊಡು’ ಎಂದಾಗ ಎಣಿಸದೆ ಕೈಗೆ ಬಂದಷ್ಟನ್ನು ಎತ್ತಿಕೊಡುತ್ತಾರೆ. ಪದ ಬಾಯಲ್ಲಿದೆ, ಪ್ರಮಾಣ ಮನಸ್ಸಿನಲ್ಲಿಲ್ಲ. ಈ ಎರಡರ ನಡುವಿನ ಅಂತರವನ್ನು ದಾಟುವುದೇ ಶಾಲಾಪೂರ್ವ ಗಣಿತದ ಮುಖ್ಯ ಕೆಲಸ. ಆ ದಾಟುವಿಕೆಗೆ ಮಗುವಿನ ಕೈಯಲ್ಲಿರುವ ಮುಖ್ಯ ಸಾಧನ ಭಾಷೆ.

ಹೀಗಿರುವಾಗ ಕನ್ನಡದ ಸಂಖ್ಯಾಪದಗಳ ರಚನೆ ಕೇವಲ ವ್ಯಾಕರಣದ ಸಂಗತಿಯಾಗಿ ಉಳಿಯುವುದಿಲ್ಲ. ಹದಿಮೂರು, ಹದಿನಾಲ್ಕು, ಹದಿನೈದು ಎಂಬ ರೂಪಗಳಲ್ಲಿ ಹತ್ತು ಮೊದಲು ಬರುತ್ತದೆ, ಬಿಡಿ ಅನಂತರ ಬರುತ್ತದೆ. ಅಂಕಿಗಳಲ್ಲಿ ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ‘ಥರ್ಟೀನ್’, ‘ಫೋರ್ಟೀನ್’ ರೂಪಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ‘ಇಲೆವೆನ್’, ‘ಟ್ವೆಲ್ವ್’ ಪದಗಳಲ್ಲಂತೂ ಹತ್ತರ ಸುಳಿವೇ ಮಗುವಿಗೆ ಸಿಕ್ಕುವುದಿಲ್ಲ. ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೀನೀ ಮತ್ತು ಅಮೆರಿಕನ್ ಮಕ್ಕಳು ಹತ್ತರವರೆಗೆ ಎಣಿಸುವುದರಲ್ಲಿ ಸಮಾನರಾಗಿದ್ದರು. ಅಂತರ ಕಾಣಿಸಿಕೊಂಡದ್ದು ಹನ್ನೊಂದರ ನಂತರ. ‘ಹತ್ತು-ಒಂದು’, ‘ಹತ್ತು-ಎರಡು’ ಎಂದು ಪಾರದರ್ಶಕವಾಗಿ ಸಾಗುವ ಚೀನೀ ಪದರಚನೆಯನ್ನು ಇದಕ್ಕೆ ಒಂದು ಕಾರಣವೆಂದು ಅವರು ಗುರುತಿಸಿದರು. ಮನೆಯ ಪರಿಸರ, ಪಾಲಕರ ನಿರೀಕ್ಷೆ, ಶಿಕ್ಷಣದ ಸಂಪ್ರದಾಯ ಇವೆಲ್ಲವೂ ಇಂಥ ಅಂತರಗಳಲ್ಲಿ ಪಾಲು ಪಡೆಯುತ್ತವೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಪದರಚನೆ ಕಲಿಕೆಗೆ ಪೂರಕವಾಗಬಲ್ಲದು ಎಂಬ ಅಂಶ ಗಮನಾರ್ಹವಾದುದು.

ಕನ್ನಡದ ಹತ್ತುಗಳ ಸರಣಿಯನ್ನು ಗಮನಿಸಿದರೆ ಇನ್ನೊಂದು ಅನುಕೂಲ ಗೋಚರಿಸುತ್ತದೆ. ಎರಡು ಎಂಬುದು ಇಪ್ಪತ್ತರಲ್ಲಿ ‘ಇ’ ಆಗುತ್ತದೆ, ಮೂರು ಮೂವತ್ತರಲ್ಲಿ ‘ಮೂ’ ಆಗುತ್ತದೆ. ಮೇಲ್ನೋಟಕ್ಕೆ ಇದು ಅನಿಯತವೆನಿಸಬಹುದು. ಆದರೆ ಮನೆಯಲ್ಲಿ ‘ಇಬ್ಬರು ಬಂದರು’, ‘ಮೂವರೂ ಊಟಕ್ಕೆ ಏಳಿ’ ಎಂಬ ಮಾತುಗಳನ್ನು ಕೇಳುತ್ತ ಬೆಳೆದ ಮಗುವಿನ ಕಿವಿಯಲ್ಲಿ ಈ ಧಾತುಗಳು ಆಗಲೇ ನೆಲೆಸಿವೆ. ಇಬ್ಬರು, ಇಪ್ಪತ್ತು, ಇನ್ನೂರು. ಮೂವರು, ಮೂವತ್ತು, ಮುನ್ನೂರು. ನಾಲ್ವರು, ನಲವತ್ತು, ನಾನೂರು. ಐವರು, ಐವತ್ತು, ಐನೂರು. ಇವು ಒಂದೊಂದೂ ಒಂದು ಕುಟುಂಬ. ಸಮಾಸದಲ್ಲಿ ಸಂಖ್ಯಾಪದಗಳು ತಾಳುವ ಇಂಥ ಮಾರ್ಪಾಡುಗಳು ಕನ್ನಡ ವ್ಯಾಕರಣಪರಂಪರೆಗೆ ಹೊಸವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪಾಠ ಹೇಳುವ ಯಾವ ಅಧ್ಯಾಪಕರಿಗೂ ಅವು ಅಪರಿಚಿತವಲ್ಲ. ಆದರೆ ಆ ತಿಳಿವು ಸ್ನಾತಕೋತ್ತರ ತರಗತಿಯಿಂದ ಅಂಗನವಾಡಿಯವರೆಗೆ ಇಳಿದು ಬರುವ ದಾರಿ ಇನ್ನೂ ನಿರ್ಮಾಣವಾಗಿಲ್ಲ.

ಪದರೂಪಗಳಿಗಿಂತಲೂ ಹೆಚ್ಚು ಮಹತ್ವದ್ದು ಸಂಖ್ಯಾಪದಗಳ ಬಳಕೆಯ ವ್ಯಾಕರಣ. ‘ಮೂರು’ ಎಂಬುದಕ್ಕೆ ‘ಊ’ ಸೇರಿದರೆ ‘ಮೂರೂ’. ಎಣಿಸಿದ್ದರಲ್ಲಿ ಯಾವುದೂ ಉಳಿಯದಂತೆ ಒಟ್ಟನ್ನು ಅದು ಸೂಚಿಸುತ್ತದೆ. ‘ಒಂದು, ಎರಡು, ಮೂರು, ಮೂರೂ ನಿನಗೆ’ ಎಂದು ತಾಯಿ ಹೇಳುವಾಗ ಕೊನೆಯ ಪದ ಮೂರನೆಯ ವಸ್ತುವಿನ ಹೆಸರಾಗಿ ಉಳಿಯದೆ ಇಡೀ ಗುಂಪಿನ ಮೊತ್ತವಾಗಿ ಬದಲಾಗುತ್ತದೆ. ಮಕ್ಕಳಿಗೆ ಕಠಿಣವೆಂದು ಸಂಶೋಧನೆ ಗುರುತಿಸಿರುವ ತತ್ತ್ವವನ್ನು ಕನ್ನಡ ಒಂದು ಸ್ವರದಲ್ಲಿ ಹೇಳುತ್ತದೆ. ‘ಮೂರೇ’ ಎಂದಾಗ ಮೊತ್ತದ ಮಿತಿ ತಿಳಿಯುತ್ತದೆ. ‘ನಾಲ್ಕೈದು’, ‘ಐದಾರು’, ‘ಹತ್ತಿಪ್ಪತ್ತು’ ಎಂಬ ಜೋಡುಪದಗಳು ಅಂದಾಜಿನ ಅಭ್ಯಾಸವನ್ನು ಕಲಿಸುತ್ತವೆ. ‘ಒಬ್ಬೊಬ್ಬರಿಗೆ ಒಂದೊಂದು’ ಎಂಬ ದ್ವಿರುಕ್ತಿ ಒಂದಕ್ಕೊಂದು ಹೊಂದಿಸುವ ಕ್ರಿಯೆಯ ನೇರ ನಿರೂಪಣೆ. ‘ಎರಡೆರಡು ಹಂಚು’ ಎಂಬ ಮಾತಿನಲ್ಲಿ ಗುಣಾಕಾರ ಮತ್ತು ಭಾಗಾಕಾರ ಎರಡರ ಬೀಜವೂ ಇದೆ. ಅವಧಾರಣೆ, ಸಮುಚ್ಚಯ, ದ್ವಿರುಕ್ತಿ ಎಂದು ವ್ಯಾಕರಣ ವರ್ಗೀಕರಿಸಿದ ಈ ಸಂಗತಿಗಳು ಗಣಿತದ ಮೊದಲ ಪಾಠಗಳೂ ಹೌದು.

ಇದೇ ಬಗೆಯಲ್ಲಿ ‘ಇನ್ನಷ್ಟು’ ಮತ್ತು ‘ಹೆಚ್ಚು’ ಎಂಬ ಎರಡು ಬೇರೆ ಪರಿಕಲ್ಪನೆಗಳಿಗೆ ಕನ್ನಡದಲ್ಲಿ ಎರಡು ಪದಗಳಿವೆ. ಇರುವುದಕ್ಕೆ ಸೇರಿಸುವುದು ಮೊದಲನೆಯದು, ಎರಡು ಗುಂಪುಗಳನ್ನು ಹೋಲಿಸುವುದು ಎರಡನೆಯದು. ಇಂಗ್ಲಿಷಿನಲ್ಲಿ ‘ಮೋರ್’ ಎಂಬ ಒಂದೇ ಪದ ಎರಡನ್ನೂ ಹೊರುತ್ತದೆ. ಒಂದೂಕಾಲು, ಒಂದೂವರೆ, ಎರಡೂವರೆ, ಮುಕ್ಕಾಲು ಎಂಬ ಪದಗಳು ತಮ್ಮ ಅರ್ಥವನ್ನು ತಾವೇ ಬಿಡಿಸಿ ಹೇಳುತ್ತವೆ. ಮೂರು ಕಾಲುಗಳು ಸೇರಿ ಮುಕ್ಕಾಲು ಎಂಬುದನ್ನು ರೊಟ್ಟಿಯ ತುಂಡುಗಳಿಂದ ತೋರಿಸಿದರೆ ಸಾಕು, ಭಿನ್ನರಾಶಿಯ ಬಾಗಿಲು ತೆರೆದಂತೆ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬ ದೇಹದ ಅಳತೆಗಳು ಮಾನಕ ಅಳತೆಗೆ ಮೊದಲ ಮೆಟ್ಟಿಲು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದನು. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿದ್ದರೂ ಈ ನೆಲದ್ದೇ. ಈ ಪರಂಪರೆಯನ್ನು ಹೆಮ್ಮೆಯ ಭಾಷಣಕ್ಕೆ ಬಳಸಿಕೊಂಡಷ್ಟು ಸುಲಭವಾಗಿ ತರಗತಿಯ ಬಳಕೆಗೆ ತಂದಿಲ್ಲ ಎಂಬುದು ವಿಷಾದದ ಸಂಗತಿ.

ಆದರೆ ಕನ್ನಡದ ಸಂಖ್ಯಾವ್ಯವಸ್ಥೆ ಎಲ್ಲ ಕಡೆಯೂ ಸುಗಮವೆಂದು ಹೇಳುವುದು ಭಾಷಾಭಿಮಾನವಾದೀತೇ ಹೊರತು ಭಾಷಾಧ್ಯಯನವಾಗದು. ಹನ್ನೊಂದು, ಹನ್ನೆರಡು ರೂಪಗಳಲ್ಲಿ ‘ಹದಿ’ ಎಂಬುದು ‘ಹನ್’ ಆಗುತ್ತದೆ. ಹತ್ತೊಂಬತ್ತರಲ್ಲಿ ಮತ್ತೆ ‘ಹತ್ತು’ ಮರಳುತ್ತದೆ. ಒಂಬತ್ತು, ಎಂಬತ್ತು, ತೊಂಬತ್ತು ಎಂಬ ಮೂರು ಪದಗಳು ಕಿವಿಗೆ ಒಂದೇ ಬಳಗದಂತೆ ಕೇಳಿಸುತ್ತವೆ. ಅವುಗಳಲ್ಲಿ ಒಂದು ಬಿಡಿ, ಎರಡು ಹತ್ತುಗಳ ಗುಂಪು. ಎಪ್ಪತ್ತು ಮತ್ತು ಎಂಬತ್ತು ಮಗುವಿನ ಬಾಯಲ್ಲಿ ಅದಲುಬದಲಾಗುವುದಕ್ಕೆ ಮಗುವನ್ನು ದೂರುವಂತಿಲ್ಲ. ಮನುಷ್ಯರಿಗೆ ‘ಇಬ್ಬರು’, ಉಳಿದವಕ್ಕೆ ‘ಎರಡು’ ಎಂಬ ಭೇದವೂ ಇಬ್ಬಗೆಯದು. ಒಂದೆಡೆ ಅದು ಧಾತುಗಳ ಪರಿಚಯ ಮಾಡಿಕೊಡುತ್ತದೆ. ಇನ್ನೊಂದೆಡೆ ಇಬ್ಬರು ಅಣ್ಣಂದಿರಲ್ಲಿಯೂ ಎರಡು ಕಲ್ಲುಗಳಲ್ಲಿಯೂ ಇರುವುದು ಒಂದೇ ಸಂಖ್ಯೆ ಎಂಬ ಅಮೂರ್ತೀಕರಣಕ್ಕೆ ಮಗು ಹೆಚ್ಚಿನ ಹೆಜ್ಜೆಯೊಂದನ್ನು ಇಡಬೇಕಾಗುತ್ತದೆ. ಈ ತೊಡಕುಗಳನ್ನು ಬಲ್ಲ ಶಿಕ್ಷಕಿ, ‘ಇಪ್ಪತ್ತೊಂಬತ್ತು’ ಆದ ಮೇಲೆ ‘ಇಪ್ಪತ್ತಹತ್ತು’ ಎನ್ನುವ ಮಗುವನ್ನು ಗದರಿಸುವುದಿಲ್ಲ. ಆ ಮಗು ನಿಯಮವನ್ನು ಗ್ರಹಿಸಿದೆ, ನಿಯಮದ ಎಲ್ಲೆಯನ್ನು ಮಾತ್ರ ಇನ್ನೂ ಅರಿತಿಲ್ಲ ಎಂಬುದು ಆಕೆಗೆ ತಿಳಿದಿರುತ್ತದೆ.

ಇಲ್ಲಿ ಸಂಶೋಧನೆಗೆ ಒಂದು ವಿಶಾಲವಾದ ಕ್ಷೇತ್ರ ಕಾದಿದೆ. ಬಾರ್ಬರಾ ಸಾರ್ನೆಕಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಂಗ್ಲಿಷ್, ರಷ್ಯನ್ ಮತ್ತು ಜಪಾನಿ ಮಾತಾಡುವ ಮಕ್ಕಳನ್ನು ಹೋಲಿಸಿತು. ಏಕವಚನ-ಬಹುವಚನಗಳ ಭೇದವನ್ನು ಕಡ್ಡಾಯವಾಗಿ ತೋರಿಸುವ ಮೊದಲೆರಡು ಭಾಷೆಗಳ ಮಕ್ಕಳು ಒಂದು, ಎರಡು, ಮೂರರ ಅರ್ಥವನ್ನು ಜಪಾನಿ ಮಕ್ಕಳಿಗಿಂತ ಬೇಗ ಗ್ರಹಿಸಿದರು. ಕನ್ನಡದ ಸ್ಥಿತಿ ಇವೆರಡರ ನಡುವಿನದು. ‘ಇಬ್ಬರು ಹುಡುಗರು’ ಎಂದು ಮನುಷ್ಯವಾಚಕದಲ್ಲಿ ಬಹುವಚನ ಬೇಕೇ ಬೇಕು. ‘ಐದು ಮರ’, ‘ಹತ್ತು ರೂಪಾಯಿ’ ಎಂಬಲ್ಲಿ ಅದರ ಅಗತ್ಯವಿಲ್ಲ. ಹಾಗಾದರೆ ಕನ್ನಡದ ಮಗು ಜನರನ್ನು ಎಣಿಸುವುದನ್ನು ಮೊದಲು ಗ್ರಹಿಸುತ್ತದೆಯೇ, ವಸ್ತುಗಳನ್ನು ಎಣಿಸುವುದನ್ನು ಮೊದಲು ಗ್ರಹಿಸುತ್ತದೆಯೇ? ಕಲಬುರಗಿಯ, ಮಂಡ್ಯದ, ಕುಂದಾಪುರದ ಆಡುಮಾತುಗಳಲ್ಲಿ ಈ ಅನುಕ್ರಮ ಒಂದೇ ಆಗಿರುತ್ತದೆಯೇ? ಇದು ಪ್ರಯೋಗಾಲಯವಿಲ್ಲದೆಯೂ ಕೈಗೊಳ್ಳಬಹುದಾದ ಅಧ್ಯಯನ. ಒಂದು ಹಿಡಿ ಹುಣಸೆಬೀಜ, ಸಹನೆ ಮತ್ತು ಕನ್ನಡ ವ್ಯಾಕರಣದ ಸೂಕ್ಷ್ಮಪರಿಜ್ಞಾನ ಇದ್ದರೆ ಸಾಕು.

ವಾಸ್ತವದಲ್ಲಿ ತರಗತಿಗಳಲ್ಲಿ ನಡೆಯುತ್ತಿರುವುದು ಬೇರೆ. ಎಲ್‌ಕೆಜಿ, ಯುಕೆಜಿಗಳಲ್ಲಿ ಎಣಿಕೆಯೆಂದರೆ ನೋಟುಪುಸ್ತಕದ ಚೌಕಗಳಲ್ಲಿ ಅಂಕಿಗಳನ್ನು ತುಂಬುವುದು. ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಬರುವ ಮುನ್ನವೇ ಒಂದರಿಂದ ನೂರರವರೆಗೆ ಬರೆಸಲಾಗುತ್ತದೆ. ‘ಒನ್, ಟೂ, ತ್ರೀ’ ಎಂದು ಸಾಮೂಹಿಕವಾಗಿ ಕೂಗಿಸಲಾಗುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಆಟ, ಹಾಡು, ಕತೆಗಳ ಮೂಲಕ ಕಲಿಸುವ ಆಶಯವಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿಕಲಿ ಪ್ರಯೋಗವೂ ಚಟುವಟಿಕೆಯನ್ನೇ ಕೇಂದ್ರವಾಗಿ ಇರಿಸಿಕೊಂಡಿತ್ತು. ಆದರೆ ಪಕ್ಕದ ಬೀದಿಯ ಕಾನ್ವೆಂಟಿನ ಮಗು ಇಂಗ್ಲಿಷಿನಲ್ಲಿ ನೂರರವರೆಗೆ ಒಪ್ಪಿಸುವಾಗ, ಬೀಜಗಳನ್ನು ಗುಂಪುಮಾಡಿ ಆಡುತ್ತಿರುವ ಮಗು ಏನನ್ನೂ ಕಲಿಯುತ್ತಿಲ್ಲವೆಂದು ಪಾಲಕರಿಗೆ ತೋರುವುದು ಸಹಜ. ಕಣ್ಣಿಗೆ ಕಾಣುವ ಬಾಯಿಪಾಠ ಕಾಣದ ಗ್ರಹಿಕೆಯನ್ನು ಸೋಲಿಸಿಬಿಡುತ್ತದೆ.

ಈ ಸೋಲಿಗೆ ಕನ್ನಡ ಮಾಧ್ಯಮದ ಪಠ್ಯಭಾಷೆಯೂ ಹೊಣೆಯಾಗಿದೆ. ಮನೆಯಲ್ಲಿ ಕೂಡುವುದು, ಕಳೆಯುವುದು, ಹಂಚುವುದು ಎಂಬ ಕ್ರಿಯಾಪದಗಳನ್ನು ಬಲ್ಲ ಮಗುವಿನ ಮುಂದೆ ಸಂಕಲನ, ವ್ಯವಕಲನ, ಭಾಗಾಕಾರ ಎಂಬ ನಾಮಪದಗಳನ್ನು ಇರಿಸಲಾಗುತ್ತದೆ. ‘ವ್ಯವಕಲನ’ ಎಂಬ ಪದ ಕನ್ನಡದ ಮಗುವಿಗೆ ‘ಸಬ್‌ಟ್ರ್ಯಾಕ್ಷನ್’ ಎಂಬುದರಷ್ಟೇ ಪರಕೀಯ. ಅದನ್ನು ಕಲಿಯುವ ಶ್ರಮ ಒಂದೇ ಆದಮೇಲೆ ಇಂಗ್ಲಿಷ್ ಪದವನ್ನೇ ಕಲಿಯಬಾರದೇಕೆ ಎಂಬ ಪಾಲಕರ ತರ್ಕಕ್ಕೆ ಉತ್ತರ ಕೊಡುವುದು ಕಷ್ಟ. 2000ದಲ್ಲಿ ಪ್ರಕಟವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕೃತಿಯಲ್ಲಿ ಡಿ.ಎನ್. ಶಂಕರ ಭಟ್ಟರು ಎತ್ತಿದ ಪ್ರಶ್ನೆ ವ್ಯಾಕರಣದ ವಲಯದಲ್ಲಿ ಸಾಕಷ್ಟು ಚರ್ಚೆಗೆ ಒಳಗಾಯಿತು. ಅವರ ಎಲ್ಲ ನಿಲುವುಗಳನ್ನು ಒಪ್ಪದವರೂ, ಅದೇ ಪ್ರಶ್ನೆಯನ್ನು ಆರಂಭಿಕ ಗಣಿತದ ಪರಿಭಾಷೆಗೆ ಅನ್ವಯಿಸಿ ನೋಡುವ ಅಗತ್ಯವನ್ನು ಅಲ್ಲಗಳೆಯಲಾರರು. ಸಂಸ್ಕೃತಮೂಲದ ಪರಿಭಾಷೆಗೆ ಮೇಲಿನ ತರಗತಿಗಳಲ್ಲಿ ಸ್ಥಾನವಿದೆ. ಐದು ವರ್ಷದ ಮಗುವಿನ ಮುಂದೆ ಕ್ರಿಯೆ ಮೊದಲು, ಕ್ರಿಯೆಯ ಹೆಸರು ಅನಂತರ ಬರಬೇಕು. ಕನ್ನಡ ಅಂಕಿಗಳ ಬಳಕೆಯ ಬಗೆಗಿನ ಕಾಳಜಿಯೂ ಇಲ್ಲಿ ತನ್ನ ಒತ್ತನ್ನು ಬದಲಿಸಿಕೊಳ್ಳಬೇಕಾಗಿದೆ. ಫಲಕದ ಮೇಲೆ ಕನ್ನಡ ಅಂಕಿ ಉಳಿದು, ‘ಎಪ್ಪತ್ತೆಂಟು’ ಎಂದರೆ ಎಷ್ಟೆಂದು ಮಕ್ಕಳು ಕೇಳುವಂತಾದರೆ ಉಳಿದದ್ದು ಲಿಪಿ ಮಾತ್ರ. ದೂರವಾಣಿಯ ಸಂಖ್ಯೆ, ವಸ್ತುವಿನ ಬೆಲೆ, ದಿನಾಂಕಗಳನ್ನು ಹಿರಿಯರೇ ಇಂಗ್ಲಿಷಿನಲ್ಲಿ ಹೇಳುವ ಮನೆಯಲ್ಲಿ ಕನ್ನಡದ ಸಂಖ್ಯಾಪದಗಳು ಮಗುವಿನ ಕಿವಿಗೆ ಬೀಳುವ ಸಂದರ್ಭಗಳೇ ಕಡಿಮೆಯಾಗುತ್ತವೆ.

ಆಟದ ಮಾತನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅವರ 2008ರ ಅಧ್ಯಯನದಲ್ಲಿ, ಒಂದರಿಂದ ಹತ್ತರವರೆಗೆ ಅಂಕಿಗಳಿದ್ದ ಸಾಲುಮನೆಗಳ ಆಟವನ್ನು ಕೆಲವೇ ಅವಧಿಗಳಲ್ಲಿ ಆಡಿದ ಬಡಕುಟುಂಬಗಳ ಶಾಲಾಪೂರ್ವ ಮಕ್ಕಳ ಸಂಖ್ಯಾಗ್ರಹಿಕೆ ಗಮನಾರ್ಹವಾಗಿ ಸುಧಾರಿಸಿತು. ಕರ್ನಾಟಕದಲ್ಲಿ ಇಂಥ ಆಟಗಳಿಗೆ ಬರವಿಲ್ಲ. ಚೌಕಾಬಾರದಲ್ಲಿ ಕವಡೆಗಳನ್ನು ಉರುಳಿಸಿ ಮೇಲ್ಮುಖವಾದವನ್ನು ನೋಡಿದೊಡನೆ ಎಷ್ಟೆಂದು ಹೇಳಬೇಕು, ಅಷ್ಟು ಮನೆ ನಡೆಸಬೇಕು. ಚನ್ನೆಮಣೆಯ ಹದಿನಾಲ್ಕು ಗುಳಿಗಳಲ್ಲಿ ಒಂದೊಂದೇ ಕಾಳು ಬಿಡುತ್ತ ಸಾಗುವುದು ಒಂದಕ್ಕೊಂದು ಹೊಂದಿಸುವ ತತ್ತ್ವದ ನೇರ ಅಭ್ಯಾಸ. ಜಾನಪದ ವಿಭಾಗಗಳು ಈ ಆಟಗಳನ್ನು ಸಂಗ್ರಹಿಸಿವೆ, ವರ್ಗೀಕರಿಸಿವೆ. ಕಣದಲ್ಲಿ ಧಾನ್ಯ ಅಳೆಯುವಾಗ ಮೊದಲ ಅಳತೆಗೆ ‘ಲಾಭ’ ಎಂದು ಹೇಳುವ ರೂಢಿಯನ್ನು ನಂಬಿಕೆಯ ಅಡಿಯಲ್ಲಿ ದಾಖಲಿಸಲಾಗುತ್ತದೆ. ಅದು ಎಣಿಕೆಯ ಚರಿತ್ರೆಯ ದಾಖಲೆಯೂ ಹೌದು. ಪದ ಬದಲಾದರೂ ಅನುಕ್ರಮದ ಸ್ಥಾನ ಬದಲಾಗದೆಂಬ ಅರಿವು ಅದರ ಹಿಂದಿದೆ. ಸಂಗ್ರಹವಾದದ್ದನ್ನು ಶಿಶುಶಿಕ್ಷಣದ ಕೈಗೆ ಒಪ್ಪಿಸುವ ಕೆಲಸ ಮಾತ್ರ ಬಾಕಿಯಿದೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಇಂಗ್ಲಿಷನ್ನು ಬಯಸುವ ದಲಿತ, ಹಿಂದುಳಿದ, ಬಡ ಪಾಲಕರ ಆಸೆಗೆ ಇದು ಅಡ್ಡಿಯಲ್ಲವೇ ಎಂಬುದು ಮೊದಲನೆಯದು. ಆ ಆಸೆ ನ್ಯಾಯಯುತವಾದುದು. ಅವಕಾಶಗಳಿಂದ ವಂಚಿತರಾದವರಿಗೆ ಕನ್ನಡಪ್ರೇಮದ ಉಪದೇಶ ಮಾಡುವ ನೈತಿಕ ಹಕ್ಕು ಯಾರಿಗೂ ಇಲ್ಲ. ಆದರೆ ಮೊತ್ತದ ಗ್ರಹಿಕೆ ಒಮ್ಮೆ ಮೂಡಿದರೆ ಅದಕ್ಕೆ ಇನ್ನೊಂದು ಭಾಷೆಯ ಹೆಸರನ್ನು ಅಂಟಿಸುವುದು ಹಗುರಾದ ಕೆಲಸ. ಗ್ರಹಿಕೆಯಿಲ್ಲದ ಹೆಸರು ಎಷ್ಟು ಭಾಷೆಗಳಲ್ಲಿದ್ದರೂ ಪ್ರಯೋಜನವಿಲ್ಲ. ಹೀಗೆ ನೋಡಿದರೆ ಕನ್ನಡದ ಎಣಿಕೆ ಇಂಗ್ಲಿಷಿನ ಎದುರಾಳಿಯಲ್ಲ, ಅದಕ್ಕೂ ಒದಗುವ ಬುನಾದಿ. ಮನೆಯಲ್ಲಿ ಇಂಗ್ಲಿಷ್ ಕೇಳುವ ಅವಕಾಶವಿರುವ ಮಗು ಹೇಗೋ ದಡ ಸೇರೀತು. ಆ ಅವಕಾಶವಿಲ್ಲದ ಮಗುವಿಗೆ ಬಾಯಿಪಾಠವೊಂದೇ ಉಳಿದರೆ ನಷ್ಟ ಹೆಚ್ಚು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಕರ್ನಾಟಕದ ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲ. ತುಳುವಿನ ಮಗು ‘ಒಂಜಿ, ರಡ್ಡ್, ಮೂಜಿ’ ಎನ್ನುತ್ತದೆ. ‘ಇರ್ವೆರ್’, ‘ಮೂವೆರ್’ ಎಂಬ ರೂಪಗಳು ಅದಕ್ಕೆ ಕನ್ನಡದ ಮಗುವಿಗೆ ಒದಗಿದಂತೆಯೇ ಒದಗುತ್ತವೆ. ದಖನಿ, ಲಂಬಾಣಿ, ಕೊಂಕಣಿ, ಮರಾಠಿ ಆಡುವ ಮಕ್ಕಳ ಸಂಖ್ಯಾಪದಗಳ ರಚನೆ ಬೇರೆ. ನೂರರವರೆಗಿನ ಹಿಂದಿ-ಉರ್ದು ಪದಗಳನ್ನು ಬಹುಮಟ್ಟಿಗೆ ಬಿಡಿಬಿಡಿಯಾಗಿಯೇ ಕಲಿಯಬೇಕಾಗುತ್ತದೆ. ಇಂಗ್ಲಿಷಿನ ಯಜಮಾನಿಕೆಯನ್ನು ಪ್ರಶ್ನಿಸುವ ತರ್ಕ ಈ ಮಕ್ಕಳ ಮೇಲೆ ಕನ್ನಡದ ಯಜಮಾನಿಕೆಯಾಗಿ ಎರಗಬಾರದು. ಅಂಗನವಾಡಿಯಲ್ಲಿ ಮಗುವಿನ ಎಣಿಕೆಯನ್ನು ಮೊದಲು ಅದರ ಮಾತಿನಲ್ಲಿ ಕೇಳಿ, ಅನಂತರ ಕನ್ನಡದೊಡನೆ ಜೋಡಿಸುವುದು ಸಾಧ್ಯವೂ ಹೌದು, ಉಚಿತವೂ ಹೌದು. ದ್ರಾವಿಡ ಭಾಷೆಗಳ ತೌಲನಿಕ ಅಧ್ಯಯನ ಮಾಡುವವರಿಗೆ ಇಲ್ಲಿ ಕೈತುಂಬ ಕೆಲಸವಿದೆ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳುವುದು ಅಪೇಕ್ಷಣೀಯ. ಮೊದಲನೆಯದಾಗಿ, ಮೂರರಿಂದ ಆರು ವರ್ಷದ ಮಕ್ಕಳು ಎಣಿಸುವ, ಹೋಲಿಸುವ, ಹಂಚುವ ಮಾತನ್ನು ಪ್ರಾದೇಶಿಕವಾಗಿ ದಾಖಲಿಸಬೇಕು. ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಹಳಗನ್ನಡದ ಕೃತಿಯೊಂದರ ಅಧ್ಯಯನದಷ್ಟೇ ಮಾನ್ಯವಾದ ವಿಷಯವಾಗಬೇಕು. ಎರಡನೆಯದಾಗಿ, ಆ ದಾಖಲೆಯನ್ನು ಆಧರಿಸಿ ಆರಂಭಿಕ ಗಣಿತದ ಕನ್ನಡವನ್ನು ಶಿಕ್ಷಕರೊಡನೆ ಕುಳಿತು ಪರಿಷ್ಕರಿಸಬೇಕು. ಶಬ್ದ ಟಂಕಿಸುವುದಕ್ಕಿಂತ ಇರುವ ಶಬ್ದವನ್ನು ಗುರುತಿಸುವುದು ಇಲ್ಲಿ ಮುಖ್ಯ. ಮೂರನೆಯದಾಗಿ, ವ್ಯಾಕರಣದ ಪಾಠದಲ್ಲಿ ಸಂಖ್ಯಾವಾಚಕ, ದ್ವಿರುಕ್ತಿ, ಅವಧಾರಣೆಗಳು ಬಂದಾಗ ಅವು ಮಗುವಿನ ಅರಿವಿನಲ್ಲಿ ಮಾಡುವ ಕೆಲಸವನ್ನೂ ವಿವರಿಸಬೇಕು. ಸ್ನಾತಕೋತ್ತರ ಪದವಿ ಪಡೆದವರಲ್ಲಿ ಅನೇಕರು ಮುಂದೆ ಶಿಕ್ಷಕರಾಗುತ್ತಾರೆ, ಶಿಕ್ಷಕರಿಗೆ ತರಬೇತಿ ನೀಡುವವರಾಗುತ್ತಾರೆ. ದಾರಿ ಅಲ್ಲಿಂದಲೇ ತೆರೆಯಬೇಕು.

ಭಾಷೆಯೊಂದು ಕಾವ್ಯದಲ್ಲಿ ಮಾತ್ರ ಉಳಿದು ಲೆಕ್ಕದಲ್ಲಿ ಅಳಿಯುವುದು ಸಾಧ್ಯ. ಹಾಗೆ ಅಳಿದ ಭಾಗವನ್ನು ಕಾವ್ಯ ತುಂಬಿಕೊಡಲಾರದು. ಸಂತೆಯ ವ್ಯಾಪಾರ, ಕೂಲಿಯ ಲೆಕ್ಕ, ಪಾಲುವಿಂಗಡಣೆ, ಸಾಲದ ಬಡ್ಡಿ ಇವೆಲ್ಲ ಬದುಕಿನ ನ್ಯಾಯ-ಅನ್ಯಾಯಗಳು ನಿರ್ಧಾರವಾಗುವ ಜಾಗಗಳು. ಆ ಜಾಗಗಳಲ್ಲಿ ತನ್ನ ಮಾತಿನಲ್ಲಿ ಎಣಿಸಬಲ್ಲವರಿಗೆ ಮೋಸವನ್ನು ಗುರುತಿಸುವ ಶಕ್ತಿಯೂ ಇರುತ್ತದೆ. ಆ ಶಕ್ತಿಗೆ ಮೊದಲ ಕಲ್ಲು ಬೀಳುವುದು ನಾಲ್ಕನೆಯ ವರ್ಷದಲ್ಲಿ, ಅಂಗನವಾಡಿಯ ಚಾಪೆಯ ಮೇಲೆ. ಅಲ್ಲಿ ಹೇಳಿಕೊಡುವ ‘ಒಂದು, ಎರಡು, ಮೂರು’ ಕನ್ನಡ ವಿಭಾಗದ ಕೆಲಸವೂ ಹೌದೆಂದು ಒಪ್ಪಿಕೊಳ್ಳುವುದರಿಂದ ವಿಭಾಗದ ಘನತೆ ಕುಗ್ಗುವುದಿಲ್ಲ. ಅದರ ವ್ಯಾಪ್ತಿ ಹಿಗ್ಗುತ್ತದೆ.